ಫಾರ್ಮ್‌ನಲ್ಲಿ ಕನ್ನಡ, ಡೇಟಾಬೇಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ: ದೋಷ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಫಾರ್ಮ್‌ನಲ್ಲಿ ‘ಕನ್ನಡ’ ಎಂದು ತುಂಬಿದರೆ ಟೇಬಲ್‌ನಲ್ಲಿ ‘?????’ ಕೂತಿರುತ್ತದೆ. ಡಿ'ಸೋಜ ಎಂಬ ಹೆಸರು ಕೊಟ್ಟ ಕೂಡಲೇ ಪುಟವೇ ಮುರಿದು ಬೀಳುತ್ತದೆ. ಅಭಿಪ್ರಾಯದ ನಡುವೆ ಒಂದು ಎಮೋಜಿ ಬಂದರೆ ಅದರ ಮುಂದಿನ ಮಾತೆಲ್ಲ ಮಾಯವಾಗುತ್ತದೆ. ಈ ಮೂರನ್ನೂ ಒಂದೇ ರೋಗವೆಂದು ತಿಳಿದು, ಹುಡುಕಾಟದಲ್ಲಿ ಸಿಕ್ಕ ಸಾಲನ್ನು ಕೋಡ್‌ಗೆ ಅಂಟಿಸುವುದರಿಂದಲೇ ಹೆಚ್ಚಿನವರ ಕೆಲಸ ಕೆಡುತ್ತದೆ. ಮೂರಕ್ಕೂ ಕಾರಣ ಬೇರೆ, ಕೆಡುವ ಜಾಗ ಬೇರೆ, ಮದ್ದೂ ಬೇರೆ.

ಇಲ್ಲಿ ಹೇಳಿರುವುದು ಪಿಎಚ್‌ಪಿ (ಪುಟಗಳನ್ನು ನಡೆಸುವ ಭಾಷೆ) ಮತ್ತು ಮೈಎಸ್‌ಕ್ಯೂಎಲ್ (ಡೇಟಾಬೇಸ್) ಜೋಡಿಯ ಬಗ್ಗೆ. ಮಾರಿಯಾಡಿಬಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಆರನೆಯ ಹಂತವನ್ನು ಮೂರಕ್ಕಿಂತ ಮೊದಲು ಮಾಡಿದವರು ಚೆನ್ನಾಗಿ ಕಾಣುತ್ತಿದ್ದ ಹಳೆಯ ಬರಹವನ್ನೂ ಕೆಡಿಸಿಕೊಳ್ಳುತ್ತಾರೆ.

## ಹಂತ 1: ಸಲಕರಣೆ ಮತ್ತು ಪರೀಕ್ಷಾ ಸಾಲು

ಬೇಕಾಗುವುದು ನಾಲ್ಕೇ ವಸ್ತು: ಬ್ರೌಸರ್‌ನ ಡೆವಲಪರ್ ಸಾಧನಗಳ ನೆಟ್‌ವರ್ಕ್ ಫಲಕ, ಡೇಟಾಬೇಸ್‌ಗೆ ನೇರವಾಗಿ ಪ್ರಶ್ನೆ ಹಾಕಲು ಪಿಎಚ್‌ಪಿಮೈಅಡ್ಮಿನ್ ಅಥವಾ ಅಂಥ ಒಂದು ಸಾಧನ, ಕಡತವನ್ನು ಯಾವ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ) ಉಳಿಸಲಾಗಿದೆ ಎಂದು ತೋರಿಸುವ ಪಠ್ಯ ಸಂಪಾದಕ, ಮತ್ತು ಒಂದು ಒಳ್ಳೆಯ ಪರೀಕ್ಷಾ ಸಾಲು.

ಪರೀಕ್ಷೆಗೆ ‘ಟೆಸ್ಟ್’ ಎಂದೋ ‘ಅಆಇಈ’ ಎಂದೋ ಹಾಕಿ ಸುಮ್ಮನಾಗುವುದು ದಂಡ. ಈ ಸಾಲನ್ನು ನಕಲಿಸಿಟ್ಟುಕೊಳ್ಳಿ:

ಡಿ'ಸೋಜ & ಸ್ತ್ರೀ <ಶಕ್ತಿ> "ರಾಜ್‌ಕುಮಾರ್" \ ₹500 😀 ಮುಗಿಯಿತು

ಇದರ ಪ್ರತಿ ತುಂಡಿಗೂ ಒಂದು ಕೆಲಸವಿದೆ. ಒಂಟಿ ಉದ್ಧರಣ ಚಿಹ್ನೆ ಎಸ್‌ಕ್ಯೂಎಲ್ ವಾಕ್ಯವನ್ನು ಪರೀಕ್ಷಿಸುತ್ತದೆ. ಆಂಪರ್‌ಸ್ಯಾಂಡ್ ಮತ್ತು ಕೋನ ಆವರಣಗಳು ಎಚ್‌ಟಿಎಂಎಲ್ ಹೊರನೋಟವನ್ನು, ‘ಸ್ತ್ರೀ’ ಉದ್ದದ ಲೆಕ್ಕವನ್ನು, ‘ರಾಜ್‌ಕುಮಾರ್’ ನಡುವೆ ಅಡಗಿರುವ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರವನ್ನು ಪರೀಕ್ಷಿಸುತ್ತವೆ. ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಹಿಡಿಯುವ ಹಳೆಯ ಲ್ಯಾಟಿನ್ ಕಾಲಂಗಳನ್ನು ₹ ಹಿಡಿದುಕೊಡುತ್ತದೆ. ಇಂಗ್ಲಿಷ್ ಮಾತ್ರ ಬಳಸುವ ಜಾಲತಾಣಗಳಲ್ಲೂ ಎಡವಟ್ಟು ಮೊದಲು ಬಯಲಾಗುವುದು ‘?500’ ಎಂಬ ರೂಪದಲ್ಲಿ. ಎಮೋಜಿ ನಾಲ್ಕು ಬೈಟ್‌ಗಳ ಅಕ್ಷರ. ಕೊನೆಯ ‘ಮುಗಿಯಿತು’ ಇರುವುದು ಸಾಲು ಪೂರ್ತಿ ತಲುಪಿತೋ ಇಲ್ಲವೋ ನೋಡಲು.

## ಹಂತ 2: ಮುಟ್ಟುವ ಮೊದಲು ನಕಲು

ಟೇಬಲ್‌ನ ಪೂರ್ತಿ ನಕಲನ್ನು ಬೇರೆ ಹೆಸರಿನಲ್ಲಿ ಅದೇ ಡೇಟಾಬೇಸ್‌ನೊಳಗೆ ಮಾಡಿಕೊಳ್ಳಿ: ಮೊದಲು ‘ಕ್ರಿಯೇಟ್ ಟೇಬಲ್ … ಲೈಕ್’, ನಂತರ ‘ಇನ್ಸರ್ಟ್ … ಸೆಲೆಕ್ಟ್’. ಕಡತಕ್ಕೆ ಇಳಿಸಿದ ಬ್ಯಾಕಪ್ ಕೂಡ ಇರಲಿ, ಆದರೆ ಅದೊಂದನ್ನೇ ನಂಬಬೇಡಿ. ಎನ್‌ಕೋಡಿಂಗ್ ಕೆಟ್ಟಿರುವ ಟೇಬಲ್ ಕಡತಕ್ಕೆ ಇಳಿದು ಮತ್ತೆ ಏರುವಾಗ ಇನ್ನೊಂದು ಸುತ್ತು ಪರಿವರ್ತನೆಯಾಗುವ ಅಪಾಯವಿದೆ. ಒಳಗಿನ ನಕಲಿನಲ್ಲಿ ಬೈಟ್‌ಗಳು ಇದ್ದಂತೆಯೇ ಉಳಿಯುತ್ತವೆ.

## ಹಂತ 3: ಪರದೆಯನ್ನು ಬಿಡಿ, ಬೈಟ್ ನೋಡಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಪರದೆಯ ಮೇಲೆ ಕಾಣುವ ಅಕ್ಷರ ಸಾಕ್ಷಿಯಲ್ಲ. ಟೇಬಲ್‌ನಿಂದ ಹೊರಟ ಬೈಟ್‌ಗಳು ಸಂಪರ್ಕ, ಪಿಎಚ್‌ಪಿ, ಬ್ರೌಸರ್ ಇಷ್ಟನ್ನು ದಾಟಿ ನಿಮ್ಮ ಕಣ್ಣಿಗೆ ಬರುತ್ತವೆ. ದಾರಿಯಲ್ಲಿ ಯಾರು ಬೇಕಾದರೂ ಅವನ್ನು ಬದಲಿಸಿರಬಹುದು.

ಫಾರ್ಮ್‌ನಲ್ಲಿ ‘ಕನ್ನಡ’ ಎಂಬ ಒಂದೇ ಪದ ತುಂಬಿ ಉಳಿಸಿ. ಅದು ಸೇರಿದ ಸಾಲಿನ ಮೇಲೆ ಮೂರು ಪ್ರಶ್ನೆ ಹಾಕಿ: ಕಾಲಂನ ‘ಹೆಕ್ಸ್’ (ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ಬರೆದ ರೂಪ) ಎಷ್ಟು, ‘ಲೆಂತ್’ ಎಷ್ಟು, ‘ಕ್ಯಾರ್_ಲೆಂತ್’ ಎಷ್ಟು. ಲೆಂತ್ ಎಣಿಸುವುದು ಬೈಟ್‌ಗಳನ್ನು, ಕ್ಯಾರ್_ಲೆಂತ್ ಎಣಿಸುವುದು ಅಕ್ಷರಗಳನ್ನು. ನಮ್ಮ ಕಣ್ಣಿಗೆ ‘ಕನ್ನಡ’ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಕ, ನ, ಹಲಂತ, ನ, ಡ ಎಂದು ಐದು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್, ಒಟ್ಟು 15.

ಉತ್ತರ ನಾಲ್ಕರಲ್ಲಿ ಒಂದಾಗಿರುತ್ತದೆ.

ಹೆಕ್ಸ್ ‘ಇ0 ಬಿ2 95’ ಎಂದು ಶುರುವಾಗಿ, ಬೈಟ್ 15, ಅಕ್ಷರ 5. ಟೇಬಲ್ ಸರಿಯಾಗಿದೆ. ಪರದೆಯಲ್ಲಿ ಗೋಜಲು ಕಾಣುತ್ತಿದ್ದರೆ ತಪ್ಪು ಓದುವ ದಾರಿಯಲ್ಲಿದೆ. ಟೇಬಲ್ ಮುಟ್ಟಬೇಡಿ.

ಹೆಕ್ಸ್ ‘ಇ0 ಬಿ2 95’ ಎಂದೇ ಶುರು, ಆದರೆ ಬೈಟ್ 15, ಅಕ್ಷರವೂ 15. ಬೈಟ್‌ಗಳು ಸರಿ, ಕಾಲಂನ ಹಣೆಪಟ್ಟಿ ತಪ್ಪು. ಲ್ಯಾಟಿನ್1 ಎಂದು ಘೋಷಿಸಿಕೊಂಡ ಕಾಲಂನಲ್ಲಿ ಯುಟಿಎಫ್-8 ಬೈಟ್‌ಗಳು ಕೂತಿವೆ.

ಹೆಕ್ಸ್ ‘ಸಿ3 ಎ0 ಸಿ2 ಬಿ2 ಇ2 80 ಎ2’ ಎಂದು ಶುರು, ಬೈಟ್ 31, ಅಕ್ಷರ 15. ಎರಡು ಬಾರಿ ಎನ್‌ಕೋಡ್ ಆಗಿದೆ. ‘ಕ’ದ ಮೂರು ಬೈಟ್‌ಗಳನ್ನು ಮೂರು ಬಿಡಿ ಲ್ಯಾಟಿನ್ ಅಕ್ಷರಗಳೆಂದು ತಿಳಿದು, ಒಂದೊಂದನ್ನೂ ಮತ್ತೆ ಯುಟಿಎಫ್-8ಕ್ಕೆ ತಿರುಗಿಸಲಾಗಿದೆ. ದುರಸ್ತಿ ಸಾಧ್ಯ.

ಹೆಕ್ಸ್ ‘3ಎಫ್ 3ಎಫ್ 3ಎಫ್ 3ಎಫ್ 3ಎಫ್’. ಇವು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳೇ. ಅಕ್ಷರಕ್ಕೊಂದರಂತೆ ಐದು. ಮೂಲ ಬರಹ ಹೋಯಿತು. ಯಾವ ಆಜ್ಞೆಯೂ ಅದನ್ನು ಮರಳಿ ತರದು. ಹಳೆಯ ಬ್ಯಾಕಪ್ ಇದ್ದರೆ ಉಂಟು, ಇಲ್ಲದಿದ್ದರೆ ತುಂಬಿದವರನ್ನೇ ಮತ್ತೆ ಕೇಳಬೇಕು. ಹೀಗಾಗಿ ಇದನ್ನು ಕಂಡ ಕ್ಷಣವೇ ಫಾರ್ಮ್ ನಿಲ್ಲಿಸಿ, ಉಳಿದದ್ದನ್ನು ಆಮೇಲೆ ನೋಡಿ.

ಎರಡನೆಯ ಮತ್ತು ಮೂರನೆಯ ಸ್ಥಿತಿಗಳು ಮೋಸಗಾರ ಸ್ಥಿತಿಗಳು. ಜಾಲತಾಣದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಮಾತ್ರ ಗೋಜಲು. ಬರೆಯುವಾಗ ಮಾಡಿದ ತಪ್ಪನ್ನೇ ಓದುವಾಗಲೂ ಮಾಡುವುದರಿಂದ ಎರಡು ತಪ್ಪುಗಳು ಪರಸ್ಪರ ಅಳಿಸಿಹೋಗಿ ಪರದೆ ಸರಿ ಕಾಣುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ತಾಣದಲ್ಲಿ ಯಾರೋ ಒಬ್ಬರು ಸಂಪರ್ಕವನ್ನು ‘ಸರಿ’ ಮಾಡಿದ ದಿನ ಹಳೆಯ ದಾಖಲೆಗಳೆಲ್ಲ ಗೋಜಲಾಗಿ, ಹೊಸ ದಾಖಲೆಗಳು ಮಾತ್ರ ಚೆನ್ನಾಗಿ ಕಾಣತೊಡಗುತ್ತವೆ. ಅಲ್ಲಿಂದ ಮುಂದೆ ಒಂದೇ ಕಾಲಂನಲ್ಲಿ ಎರಡು ಬಗೆಯ ಬೈಟ್‌ಗಳು.

### ಕಣ್ಣಿಗೆ ಕಾಣುವ ಇತರ ಎಚ್ಚರಿಕೆಯ ಗುರುತುಗಳು

ಹೆಕ್ಸ್ ನೋಡುವ ಮೊದಲೇ ಕೆಲವು ಗುರುತುಗಳು ದಾರಿ ತೋರಿಸುತ್ತವೆ.

ತಲೆಯ ಮೇಲೆ ಓರೆಗೆರೆಯಿರುವ ಸಣ್ಣ ‘ಎ’, ಪಕ್ಕದಲ್ಲಿ ಮೇಲೇರಿದ ಪುಟ್ಟ 2 ಅಥವಾ 3, ಆಮೇಲೆ ಯಾವುದೋ ಚಿಹ್ನೆ: ಈ ಮೂರರ ಗುಂಪು ಮತ್ತೆ ಮತ್ತೆ ಬಂದರೆ ಅದು ಕನ್ನಡದ ಯುಟಿಎಫ್-8 ಬೈಟ್‌ಗಳನ್ನು ಲ್ಯಾಟಿನ್ ಎಂದು ಓದಿದ ಗೋಜಲು. ನಮ್ಮ ಲಿಪಿಯ ಎಲ್ಲ ಅಕ್ಷರಗಳೂ ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗುವುದರಿಂದ ಈ ಗುರುತು ತಪ್ಪುವುದಿಲ್ಲ.

ತಲೆಗೆರೆಯ ದೊಡ್ಡ ‘ಎ’, ನಡುನಡುವೆ ಪೌಂಡ್ ಚಿಹ್ನೆ, ಇಂಗ್ಲಿಷ್ ಪಿ, ಕ್ಯೂ ಅಕ್ಷರಗಳು ಬೆರೆತು ಬಂದಿವೆಯೇ? ಇದು ಎನ್‌ಕೋಡಿಂಗ್ ದೋಷವೇ ಅಲ್ಲ. ತುಂಬಿದವರು ನುಡಿಯ ಹಳೆಯ ಫಾಂಟ್‌ನಲ್ಲಿ ಬೆರಳಚ್ಚಿಸಿದ ಕಡತದಿಂದ ನಕಲಿಸಿ ಅಂಟಿಸಿದ್ದಾರೆ. ಆ ಫಾಂಟ್‌ಗಳಲ್ಲಿ ಕನ್ನಡದ ರೂಪ ಮಾತ್ರ ಇರುತ್ತದೆ, ಒಳಗಿರುವುದು ಲ್ಯಾಟಿನ್ ಅಕ್ಷರ. ಡೇಟಾಬೇಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಉಳಿಸಿದೆ. ಇಂಥದ್ದಕ್ಕೆ ಬೇಕಾಗುವುದು ನುಡಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ. ಸರ್ಕಾರಿ ಕಚೇರಿ, ಸಂಘ-ಸಂಸ್ಥೆಗಳ ಅರ್ಜಿಗಳನ್ನು ಸ್ವೀಕರಿಸುವ ಫಾರ್ಮ್‌ಗಳಲ್ಲಿ ಇದು ಬಂದೇ ಬರುತ್ತದೆ.

ಟೇಬಲ್‌ನಲ್ಲಿ ‘&#3221;’ ಎಂಬಂಥ ಸಂಖ್ಯೆಗಳಿದ್ದರೆ ದೋಷ ಫಾರ್ಮ್ ಪುಟದಲ್ಲಿ. ‘ಯು0ಸಿ95’ ಎಂಬಂಥ ತುಣುಕುಗಳಿದ್ದರೆ ಜೇಸನ್ (ದತ್ತಾಂಶ ಸಾಗಿಸುವ ಒಂದು ಪಠ್ಯ ರೂಪ) ಪಠ್ಯದ ಹಿಂಗೆರೆಗಳನ್ನು (\) ಮೈಎಸ್‌ಕ್ಯೂಎಲ್ ನುಂಗಿದೆ. ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಕ್ಷರವೊಂದು ಬೈಟ್‌ಗಳ ನಡುವೆ ತುಂಡಾಗಿರುವ ಸಂಭವ ಹೆಚ್ಚು. ಟೇಬಲ್‌ನಲ್ಲಿ ಬರಹ ಇದ್ದೂ ಪುಟದಲ್ಲಿ ಏನೂ ಕಾಣದಿದ್ದರೆ ಅದೂ ಇದೇ ಬಗೆ: ಪಿಎಚ್‌ಪಿ 8.1ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಎಚ್‌ಟಿಎಂಎಲ್‌ಸ್ಪೆಷಲ್‌ಕ್ಯಾರ್ಸ್ (ಕೋನ ಆವರಣದಂಥ ಚಿಹ್ನೆಗಳನ್ನು ಎಚ್‌ಟಿಎಂಎಲ್ ಸಂಕೇತಗಳಾಗಿಸುವ ಆಜ್ಞೆ) ಒಂದೇ ಒಂದು ಮುರುಕು ಬೈಟ್ ಕಂಡರೂ ಇಡೀ ಪಠ್ಯವನ್ನು ಖಾಲಿ ಮಾಡಿ ಕೊಡುತ್ತಿತ್ತು.

## ಹಂತ 4: ಫಾರ್ಮ್ ಪುಟ ಯಾವ ಭಾಷೆಯಲ್ಲಿ ಮಾತಾಡುತ್ತಿದೆ?

ಬ್ರೌಸರ್ ಫಾರ್ಮ್‌ನ ಬರಹವನ್ನು ಕಳಿಸುವುದು ಪುಟದ ಎನ್‌ಕೋಡಿಂಗ್‌ನಲ್ಲಿ. ಪುಟ ಐಎಸ್‌ಒ-8859-1 (ಲ್ಯಾಟಿನ್1ರ ಇನ್ನೊಂದು ಹೆಸರು) ಎಂದು ಘೋಷಿಸಿಕೊಂಡಿದ್ದರೆ ಅದರಲ್ಲಿ ಕನ್ನಡ ಹಿಡಿಸುವುದಿಲ್ಲ. ಆಗ ಬ್ರೌಸರ್ ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಬರೆದು ಕಳಿಸುತ್ತದೆ. ‘ಕ’ಗೆ &#3221; ಬರುವುದು ಹೀಗೆ. ಬ್ರೌಸರ್‌ನಲ್ಲಿ ಅದು ಮತ್ತೆ ‘ಕ’ ಎಂದೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹುಡುಕಾಟ ಕೆಲಸ ಮಾಡದಿದ್ದಾಗಲೋ ಕಾಲಂ ತುಂಬಿ ತುಳುಕಿದಾಗಲೋ ಬಯಲಾಗುತ್ತದೆ.

ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಇರಲಿ, ಅದೂ ಮೊದಲ 1024 ಬೈಟ್‌ಗಳ ಒಳಗೆ. ಆದರೆ ಮೆಟಾ ಟ್ಯಾಗ್ ಹಾಕಿದೊಡನೆ ಮುಗಿಯಲಿಲ್ಲ. ನೆಟ್‌ವರ್ಕ್ ಫಲಕದಲ್ಲಿ ಪುಟದ ‘ಕಂಟೆಂಟ್-ಟೈಪ್’ ಹೆಡರ್ ನೋಡಿ. ಸರ್ವರ್ ಅಲ್ಲಿ ಬೇರೇನಾದರೂ ಹೇಳಿದ್ದರೆ ಮೆಟಾ ಟ್ಯಾಗ್‌ನ ಮಾತು ನಡೆಯುವುದಿಲ್ಲ. ಅಪಾಚೆ ಸಂರಚನೆಯಲ್ಲಿ ‘ಆಡ್‌ಡೀಫಾಲ್ಟ್‌ಚಾರ್‌ಸೆಟ್’ ಎಂಬ ಸಾಲು ಇದೆಯೇ, ಪಿಎಚ್‌ಪಿಯಲ್ಲಿ ‘ಡೀಫಾಲ್ಟ್_ಚಾರ್‌ಸೆಟ್’ ಏನಿದೆ ಎಂದು ನೋಡಿ. ಎರಡನೆಯದು ಪಿಎಚ್‌ಪಿ 5.6ರಿಂದ ಯುಟಿಎಫ್-8 ಆಗಿಯೇ ಬರುತ್ತದೆ, ಆದರೆ ಹಳೆಯ ಹೋಸ್ಟಿಂಗ್‌ಗಳಲ್ಲಿ ಯಾರಾದರೂ ಬದಲಿಸಿರುತ್ತಾರೆ.

ನಿಮ್ಮ ಪಿಎಚ್‌ಪಿ ಕಡತಗಳನ್ನು ಯುಟಿಎಫ್-8ರಲ್ಲಿ, ಬಿಒಎಂ ಇಲ್ಲದೆ ಉಳಿಸಿ. ಬಿಒಎಂ ಎಂದರೆ ಕಡತದ ಮೊದಲಲ್ಲಿ ಕೂರುವ ಮೂರು ಅದೃಶ್ಯ ಬೈಟ್. ಅದು ಇದ್ದರೆ ‘ಹೆಡರ್‌ಗಳನ್ನು ಈಗಾಗಲೇ ಕಳಿಸಲಾಗಿದೆ’ ಎಂಬ ದೂರು ಬರುತ್ತದೆ.

## ಹಂತ 5: ಪಿಎಚ್‌ಪಿ ಒಳಗೆ ಬಂದದ್ದು ಏನು?

ಫಾರ್ಮ್‌ನಿಂದ ಬಂದ ಮೌಲ್ಯವನ್ನು ಮುಟ್ಟುವ ಮೊದಲೇ ‘ಬಿನ್2ಹೆಕ್ಸ್’ ಮಾಡಿ ಲಾಗ್‌ಗೆ ಬರೆಯಿರಿ. ಡೇಟಾಬೇಸ್‌ಗೆ ಕಳಿಸುವ ಮುನ್ನ ಇನ್ನೊಮ್ಮೆ ಬರೆಯಿರಿ. ಮೊದಲನೆಯದು ಇ0 ಬಿ2 95 ಇದ್ದು ಎರಡನೆಯದು ಬೇರೆಯಾಗಿದ್ದರೆ ಕಳ್ಳ ನಿಮ್ಮ ಕೋಡ್‌ನೊಳಗೇ ಇದ್ದಾನೆ.

ಮೊದಲ ಅನುಮಾನ ‘ಯುಟಿಎಫ್8_ಎನ್‌ಕೋಡ್’ ಮೇಲೆ. ಹೆಸರು ಕೇಳಿ ಬಹಳ ಮಂದಿ ಮೋಸ ಹೋಗಿದ್ದಾರೆ. ಅದು ಯಾವ ಪಠ್ಯವನ್ನಾದರೂ ಯುಟಿಎಫ್-8 ಮಾಡುವ ಮಂತ್ರವಲ್ಲ. ಬಂದದ್ದು ಐಎಸ್‌ಒ-8859-1 ಎಂದೇ ನಂಬಿ ತಿರುಗಿಸುತ್ತದೆ. ಈಗಾಗಲೇ ಸರಿಯಿರುವ ಕನ್ನಡವನ್ನು ಅದಕ್ಕೆ ಕೊಟ್ಟರೆ ಎರಡು ಬಾರಿ ಎನ್‌ಕೋಡ್ ಆದ ಗೋಜಲು ಸಿದ್ಧ. ಪಿಎಚ್‌ಪಿ 8.2ರಲ್ಲಿ ಇದನ್ನು ಬಳಕೆಯಿಂದ ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆಯದೇ ಆಯಿತು. ಕೋಡ್‌ನಲ್ಲಿ ಎಲ್ಲೇ ಕಂಡರೂ ಏಕೆ ಇದೆ ಎಂದು ಕೇಳಿಕೊಳ್ಳಿ.

ಎರಡನೆಯದು ಹೆಸರಿನ ಪರಿಶೀಲನೆ. ‘ಅಕ್ಷರಗಳು ಮಾತ್ರ ಇರಲಿ’ ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುವವರು ಎ-ಯಿಂದ-ಜೆಡ್ ಬಿಟ್ಟು ಯೂನಿಕೋಡ್‌ನ ‘ಎಲ್’ ವರ್ಗಕ್ಕೆ ಬರುತ್ತಾರೆ. ಅದೂ ಸಾಲದು. ಗುಡಿಸು, ಕೊಂಬು, ಏತ್ವ, ಹಲಂತ ಇವ್ಯಾವುವೂ ಯೂನಿಕೋಡ್ ಲೆಕ್ಕದಲ್ಲಿ ‘ಎಲ್’ ಅಲ್ಲ, ‘ಎಂ’ ಎಂಬ ಬೇರೆ ವರ್ಗ. ‘ಎಲ್’ ಮಾತ್ರ ಒಪ್ಪುವ ಫಾರ್ಮ್ ‘ರಮಣ’ ಎಂಬವನನ್ನು ಒಳಗೆ ಬಿಟ್ಟು ‘ರಾಮಣ್ಣ’ನನ್ನು ಬಾಗಿಲಲ್ಲೇ ತಡೆಯುತ್ತದೆ. ಹಾಗಾಗಿ ‘ಎಲ್’ ಮತ್ತು ‘ಎಂ’ ಎರಡನ್ನೂ ಸೇರಿಸಿ, ಜೊತೆಗೆ ಖಾಲಿ ಜಾಗ, ಚುಕ್ಕೆ, ಅಡ್ಡಗೆರೆ, ಒಂಟಿ ಉದ್ಧರಣ ಚಿಹ್ನೆಗಳನ್ನು ಒಪ್ಪಿ, ಕೊನೆಗೆ ‘ಯು’ ಗುರುತು ಹಾಕುವುದನ್ನು ಮರೆಯಬೇಡಿ. ಆ ಗುರುತಿಲ್ಲದಿದ್ದರೆ ಪಿಎಚ್‌ಪಿ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಹೋಲಿಸುತ್ತದೆ.

ಅದೃಶ್ಯ ಅಕ್ಷರಗಳನ್ನು ಕಸವೆಂದು ಗುಡಿಸುವ ಕೋಡ್‌ಗಳೂ ಇವೆ. ಯೂನಿಕೋಡ್‌ನ 200ಸಿ, 200ಡಿ ಸ್ಥಾನಗಳ ಎರಡು ಅಕ್ಷರಗಳು ಕನ್ನಡಕ್ಕೆ ಬೇಕೇ ಬೇಕು. 200ಸಿ ತೆಗೆದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಜ-ಕಾರದ ಕೆಳಗೆ ಕ-ಕಾರದ ಒತ್ತು ನೇತಾಡುತ್ತದೆ. ಪರಿಶೀಲನೆಯಲ್ಲೂ ಈ ಎರಡಕ್ಕೆ ಅವಕಾಶ ಕೊಡಿ.

ಮೂರನೆಯದು ಕತ್ತರಿ. ಪಠ್ಯದ ಮೊದಲ ನೂರು ಅಕ್ಷರ ತೋರಿಸಲು ‘ಸಬ್‌ಸ್ಟ್ರ್’ ಬಳಸಿದರೆ ಅದು ಬೈಟ್ ಎಣಿಸಿ ಕತ್ತರಿಸುತ್ತದೆ. ಕನ್ನಡದ ಅಕ್ಷರಕ್ಕೆ ಮೂರು ಬೈಟ್ ಇರುವುದರಿಂದ ಬರೀ ಕನ್ನಡವಿರುವ ಸಾಲಿನಲ್ಲೂ ನೂರನೆಯ ಬೈಟ್ ಅಕ್ಷರವೊಂದರ ಒಳಗೇ ಬೀಳುತ್ತದೆ. ‘ಎಂಬಿ_ಸಬ್‌ಸ್ಟ್ರ್’ ಬಳಸಿದರೆ ಬೈಟ್ ಮುರಿಯುವುದಿಲ್ಲ, ಆದರೆ ‘ಸ್ತ್ರೀ’ಯನ್ನು ‘ಸ್ತ್’ಗೆ ನಿಲ್ಲಿಸಿಬಿಡಬಹುದು. ಗುಣಿತ ಚಿಹ್ನೆ ತನ್ನ ಅಕ್ಷರದಿಂದ ಬೇರೆಯಾಗದೆ ಉಳಿಯಬೇಕೆಂದರೆ ಇಂಟ್ಲ್ ವಿಸ್ತರಣೆಯ ‘ಗ್ರಾಫೀಮ್_ಸಬ್‌ಸ್ಟ್ರ್’ ಬಳಸಿ, ಆದರೆ ಕನ್ನಡದ ಒತ್ತಕ್ಷರದ ನಡುವೆ ಅದೂ ಕತ್ತರಿಸಬಹುದು. ಫಾರ್ಮ್‌ನ ‘ಮ್ಯಾಕ್ಸ್‌ಲೆಂತ್’ ಕೂಡ ಕಣ್ಣಿನ ಲೆಕ್ಕ ಎಣಿಸುವುದಿಲ್ಲ. ಕಣ್ಣಿಗೆ ಒಂದೇ ಆಗಿರುವ ‘ಸ್ತ್ರೀ’ಗೆ ಅದು ಆರು ಎಣಿಸುತ್ತದೆ. ಇಂಗ್ಲಿಷ್ ಹೆಸರಿಗೆಂದು 20 ಇಟ್ಟಿದ್ದ ಮಿತಿಯಲ್ಲಿ ಕನ್ನಡ ಹೆಸರು ಅರ್ಧಕ್ಕೇ ನಿಂತರೆ ಆಶ್ಚರ್ಯವಿಲ್ಲ.

ಹುಡುಕಾಟ ಮುಖ್ಯವಾಗಿರುವ ಕಾಲಂಗಳಿಗೆ ಇನ್ನೊಂದು ಕೆಲಸ ಮಾಡಿ: ಉಳಿಸುವ ಮೊದಲು ‘ನಾರ್ಮಲೈಜರ್’ ಮೂಲಕ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿ ಬರೆದ ಸಂಕೇತಗಳನ್ನು ಕೂಡಿಸಿದ ಏಕರೂಪಕ್ಕೆ) ತನ್ನಿ. ದೀರ್ಘ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ದೀರ್ಘ ಕೊಂಬು, ದೀರ್ಘ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಎರಡು ‘ಗೋವಿಂದ’ರು ಪರದೆಯಲ್ಲಿ ಒಂದೇ ಆಗಿದ್ದರೂ ಬೈಟ್ ಹೋಲಿಕೆಯಲ್ಲಿ ಬೇರೆ ಬೇರೆ.

## ಹಂತ 6: ಸಂಪರ್ಕ

ಮೈಎಸ್‌ಕ್ಯೂಎಲ್‌ಗೆ ನೀವು ಕಳಿಸುತ್ತಿರುವ ಬೈಟ್‌ಗಳು ಯಾವ ಎನ್‌ಕೋಡಿಂಗ್‌ನವು ಎಂದು ಸಂಪರ್ಕದ ಹೊತ್ತಿನಲ್ಲೇ ಹೇಳಬೇಕು. ಹೇಳದಿದ್ದರೆ ಹಳೆಯ ಆವೃತ್ತಿಗಳು ಲ್ಯಾಟಿನ್1 ಎಂದು ಭಾವಿಸಿಕೊಳ್ಳುತ್ತವೆ. ಮೈಎಸ್‌ಕ್ಯೂಎಲ್ 8.0ರಿಂದ ಪೂರ್ವನಿಯೋಜಿತ ಆಯ್ಕೆ ಯುಟಿಎಫ್8ಎಂಬಿ4 (ನಾಲ್ಕು ಬೈಟ್‌ಗಳ ಅಕ್ಷರಗಳನ್ನೂ ಹಿಡಿಯುವ ಪೂರ್ತಿ ಯುಟಿಎಫ್-8) ಆಗಿದೆ. ಹಾಗೆಂದು ಹೇಳದೆ ಬಿಡಬೇಡಿ. ನಾಳೆ ತಾಣ ಬೇರೆ ಹೋಸ್ಟಿಂಗ್‌ಗೆ ಹೋದಾಗ ಕಾಡುತ್ತದೆ.

ಪಿಎಚ್‌ಪಿಯಿಂದ ಡೇಟಾಬೇಸ್ ತಲುಪಲು ಎರಡು ಗ್ರಂಥಾಲಯಗಳಿವೆ, ಮೈಎಸ್‌ಕ್ಯೂಎಲ್‌ಐ ಮತ್ತು ಪಿಡಿಒ. ಮೈಎಸ್‌ಕ್ಯೂಎಲ್‌ಐ ಬಳಸುವವರು ಸಂಪರ್ಕವಾದ ಕೂಡಲೇ ‘ಸೆಟ್_ಚಾರ್‌ಸೆಟ್’ ಕರೆದು ಯುಟಿಎಫ್8ಎಂಬಿ4 ಕೊಡಿ. ಪಿಡಿಒ ಬಳಸುವವರು ಸಂಪರ್ಕದ ಸಾಲಿನಲ್ಲೇ ‘ಚಾರ್‌ಸೆಟ್’ ಬರೆಯಿರಿ. ‘ಸೆಟ್ ನೇಮ್ಸ್’ ಎಂಬ ಎಸ್‌ಕ್ಯೂಎಲ್ ಆಜ್ಞೆಯನ್ನು ಕಳಿಸಿದರೂ ಕೆಲಸವಾದಂತೆ ಕಾಣುತ್ತದೆ, ಆದರೆ ಅದು ಸರ್ವರ್‌ಗೆ ಮಾತ್ರ ತಿಳಿಯುತ್ತದೆ, ಪಿಎಚ್‌ಪಿ ಕಡೆಯ ಗ್ರಂಥಾಲಯಕ್ಕೆ ತಿಳಿಯುವುದಿಲ್ಲ. ಉದ್ಧರಣ ಚಿಹ್ನೆಗಳನ್ನು ಪಾರು ಮಾಡುವ ಕೆಲಸ ಆ ಗ್ರಂಥಾಲಯದ್ದಾದ್ದರಿಂದ ಮೊದಲಿನ ಎರಡು ದಾರಿಗಳೇ ಸರಿ.

ಪರೀಕ್ಷೆ: ನಿಮ್ಮ ಪಿಎಚ್‌ಪಿ ಕೋಡ್ ಮೂಲಕವೇ ‘ಷೋ ವೇರಿಯಬಲ್ಸ್ ಲೈಕ್ 'ಕ್ಯಾರೆಕ್ಟರ್_ಸೆಟ್%'’ ಓಡಿಸಿ. ಕ್ಲೈಂಟ್, ಕನೆಕ್ಷನ್, ರಿಸಲ್ಟ್ಸ್ ಮೂರೂ ಯುಟಿಎಫ್8ಎಂಬಿ4 ಇರಬೇಕು. ಇದನ್ನು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡಿ ಫಲವಿಲ್ಲ. ಅದು ತನ್ನ ಸಂಪರ್ಕದ ವಿವರ ಹೇಳುತ್ತದೆ, ನಿಮ್ಮದನ್ನಲ್ಲ.

ಮೂರನೆಯ ಹಂತದಲ್ಲಿ ಎರಡನೆಯ ಅಥವಾ ಮೂರನೆಯ ಸ್ಥಿತಿ ಕಂಡಿದ್ದರೆ ಇಲ್ಲಿ ನಿಲ್ಲಿ. ಸಂಪರ್ಕವನ್ನು ಈಗಲೇ ಬದಲಿಸಬೇಡಿ. ಫಾರ್ಮ್ ಮುಚ್ಚಿ, ಒಂಬತ್ತನೆಯ ಹಂತದ ದುರಸ್ತಿ ಮತ್ತು ಸಂಪರ್ಕದ ಬದಲಾವಣೆ ಎರಡನ್ನೂ ಒಂದೇ ಬಾರಿಗೆ ಮಾಡಿ, ಆಮೇಲೆ ಫಾರ್ಮ್ ತೆರೆಯಿರಿ.

## ಹಂತ 7: ಟೇಬಲ್ ಮತ್ತು ಕಾಲಂ

ಮೈಎಸ್‌ಕ್ಯೂಎಲ್‌ನ ‘ಯುಟಿಎಫ್8’ ಪೂರ್ತಿ ಯುಟಿಎಫ್-8 ಅಲ್ಲ. ಅಕ್ಷರಕ್ಕೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರೇ ಸಾಕಾದ್ದರಿಂದ ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೊದಲ ಎಮೋಜಿ ಬಂದಾಗ ಕಟ್ಟುನಿಟ್ಟಿನ ಮೋಡ್‌ನಲ್ಲಿ 1366 ಸಂಖ್ಯೆಯ ದೋಷ ಬರುತ್ತದೆ. ಸಡಿಲ ಮೋಡ್‌ನಲ್ಲಿ ದೋಷವೂ ಬರುವುದಿಲ್ಲ: ‘ಧನ್ಯವಾದ 😀 ಆದರೆ ಹಣ ಇನ್ನೂ ಬಂದಿಲ್ಲ’ ಎಂದು ಬರೆದದ್ದು ‘ಧನ್ಯವಾದ’ ಎಂದಷ್ಟೇ ಉಳಿಯಬಹುದು. ಎರಡರಲ್ಲಿ ದೋಷ ಬರುವುದೇ ವಾಸಿ. ಕಟ್ಟುನಿಟ್ಟಿನ ಮೋಡ್ ಮೈಎಸ್‌ಕ್ಯೂಎಲ್ 5.7ರಿಂದ ತಾನಾಗಿಯೇ ಇರುತ್ತದೆ. ಯಾವುದೋ ಹಳೆಯ ಕೋಡ್ ಓಡಲೆಂದು ಅದನ್ನು ಆರಿಸಿದ್ದರೆ ಮತ್ತೆ ಹಚ್ಚಿ.

‘ಷೋ ಕ್ರಿಯೇಟ್ ಟೇಬಲ್’ ಓಡಿಸಿ, ಕೊನೆಯ ಸಾಲನ್ನಷ್ಟೇ ನೋಡದೆ ಪ್ರತಿ ಕಾಲಂ ನೋಡಿ. ಡೇಟಾಬೇಸ್‌ನ ಅಥವಾ ಟೇಬಲ್‌ನ ಡೀಫಾಲ್ಟ್ ಬದಲಿಸಿದರೆ ಮುಂದೆ ಹುಟ್ಟುವ ಕಾಲಂಗಳಿಗೆ ಮಾತ್ರ ಅನ್ವಯ, ಇರುವ ಕಾಲಂಗಳು ಹಾಗೇ ಉಳಿಯುತ್ತವೆ. ‘ಬದಲಿಸಿದೆ, ಆದರೂ ಪ್ರಶ್ನಾರ್ಥಕ ಚಿಹ್ನೆಯೇ ಬರುತ್ತಿದೆ’ ಎನ್ನುವವರಲ್ಲಿ ಬಹಳ ಮಂದಿ ನಿಂತಿರುವುದು ಇಲ್ಲಿಯೇ. ಇರುವ ಕಾಲಂಗಳನ್ನೂ ಬದಲಿಸುವ ಆಜ್ಞೆ ‘ಆಲ್ಟರ್ ಟೇಬಲ್ … ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್’. ಇದನ್ನು ಓಡಿಸಬಹುದಾದದ್ದು ಮೂರನೆಯ ಹಂತದ ಮೊದಲ ಸ್ಥಿತಿಯಲ್ಲಿ ಅಥವಾ ಖಾಲಿ ಟೇಬಲ್‌ನಲ್ಲಿ ಮಾತ್ರ.

ಹಳೆಯ ಸರ್ವರ್‌ನಲ್ಲಿ 1071 ದೋಷ ಬಂದರೆ ಸೂಚಿಯ (ಇಂಡೆಕ್ಸ್) ಉದ್ದ 767 ಬೈಟ್ ಮೀರಿದೆ ಎಂದರ್ಥ. ನಾಲ್ಕು ಬೈಟ್ ಲೆಕ್ಕದಲ್ಲಿ 255 ಅಕ್ಷರಕ್ಕೆ 1020 ಬೈಟ್ ಬೇಕು. ಅನೇಕ ಟೇಬಲ್‌ಗಳಲ್ಲಿ ಕಾಣುವ 191 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಇದರಿಂದಲೇ. ಸಾಲಿನ ವಿನ್ಯಾಸವನ್ನು ‘ಡೈನಾಮಿಕ್’ ಮಾಡಿ, 5.6ರಂಥ ಹಳೆಯ ಆವೃತ್ತಿಯಲ್ಲಿ ‘ಇನ್ನೋಡಿಬಿ_ಲಾರ್ಜ್_ಪ್ರಿಫಿಕ್ಸ್’ ಕೂಡ ಹಚ್ಚಿದರೆ ಮಿತಿ 3072ಕ್ಕೆ ಏರುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಒಂದು ಮಾತು: ಅಲ್ಲಿ ಕಾಲಂ ‘ಎನ್‌ವಾರ್‌ಚಾರ್’ ಇರಬೇಕು, ಕೈಯಲ್ಲಿ ಬರೆದ ಪಠ್ಯದ ಮುಂದೆ ‘ಎನ್’ ಅಕ್ಷರ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪ್ರಶ್ನಾರ್ಥಕ ಚಿಹ್ನೆಗಳೇ.

## ಹಂತ 8: ಉದ್ಧರಣ ಚಿಹ್ನೆ, ಕೋನ ಆವರಣ, ಹಿಂಗೆರೆ

ಇದು ಎನ್‌ಕೋಡಿಂಗ್ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ. ಡಿ'ಸೋಜ ಬಂದಾಗ 1064 ದೋಷ ಬರುತ್ತಿದ್ದರೆ ನೀವು ಬಳಕೆದಾರರ ಬರಹವನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ನೇರವಾಗಿ ಹೊಲಿಯುತ್ತಿದ್ದೀರಿ. ಮಂಗಳೂರಿನ ಕಡೆಯ ಒಂದು ಹೆಸರು ನಿಮ್ಮ ವಾಕ್ಯವನ್ನು ಮುರಿಯಬಲ್ಲದು ಎಂದರೆ ದುರುದ್ದೇಶವುಳ್ಳವರು ಅದೇ ಕಿಂಡಿಯಿಂದ ಟೇಬಲ್ ಅನ್ನೇ ಅಳಿಸಬಲ್ಲರು. ಉತ್ತರ ಒಂದೇ, ಪ್ರಿಪೇರ್ಡ್ ಸ್ಟೇಟ್‌ಮೆಂಟ್. ವಾಕ್ಯದಲ್ಲಿ ಮೌಲ್ಯದ ಜಾಗಕ್ಕೆ ಗುರುತು ಬಿಟ್ಟು, ಮೌಲ್ಯವನ್ನು ಪ್ರತ್ಯೇಕವಾಗಿ ಕಳಿಸಿ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಂದ ಮೇಲೆ, ಉದ್ಧರಣ ಚಿಹ್ನೆಗಳ ಮುಂದೆ ಹಿಂಗೆರೆ ಸೇರಿಸುವ ‘ಆಡ್‌ಸ್ಲ್ಯಾಶಸ್’ ತೆಗೆದುಹಾಕಿ. ಎರಡೂ ಇದ್ದರೆ ಟೇಬಲ್‌ನಲ್ಲಿ ‘ಡಿ\'ಸೋಜ’ ಎಂದು ಹಿಂಗೆರೆ ಸಮೇತ ಕೂರುತ್ತದೆ. ಆ ವ್ಯಕ್ತಿ ತನ್ನ ವಿವರವನ್ನು ತಿದ್ದಿ ಉಳಿಸಿದ ಪ್ರತಿ ಸಲವೂ ಹಿಂಗೆರೆಗಳು ಹೆಚ್ಚುತ್ತಾ ಹೋಗುತ್ತವೆ.

ಉಳಿಸುವಾಗಲೇ ಎಚ್‌ಟಿಎಂಎಲ್‌ಸ್ಪೆಷಲ್‌ಕ್ಯಾರ್ಸ್ ಹಾಕುವುದು ಇನ್ನೊಂದು ಹಳೆಯ ಚಾಳಿ. ಡೇಟಾಬೇಸ್‌ನಲ್ಲಿ ಬಳಕೆದಾರರು ಬರೆದದ್ದೇ ಇರಲಿ. ಪುಟಕ್ಕೆ ಮುದ್ರಿಸುವ ಗಳಿಗೆಯಲ್ಲಿ ಮಾತ್ರ ಅದನ್ನು ಹಾಕಿ, ಅಲ್ಲಿ ಮಾತ್ರ ತಪ್ಪದೆ ಹಾಕಿ. ಉಳಿಸುವಾಗ ಒಮ್ಮೆ, ಮುದ್ರಿಸುವಾಗ ಒಮ್ಮೆ ಹಾಕಿದರೆ ಆಂಪರ್‌ಸ್ಯಾಂಡ್ ಬದಲು ಅದರ ಸಂಕೇತವೇ ಪುಟದಲ್ಲಿ ಕಾಣುತ್ತದೆ. ಎಸ್‌ಎಂಎಸ್ ಅಥವಾ ಪಿಡಿಎಫ್‌ಗೆ ಅದೇ ಬರಹ ಹೋದಾಗ ಇನ್ನೂ ಕೆಡುತ್ತದೆ.

## ಹಂತ 9: ಹಳೆಯ ದಾಖಲೆಗಳ ದುರಸ್ತಿ

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕಳೆದುಕೊಂಡಿರುವುದು. ಸ್ಥಿತಿ ಯಾವುದೆಂದು ತಿಳಿಯದೆ ದುರಸ್ತಿಗೆ ಇಳಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎರಡನೆಯ ಹಂತದ ನಕಲಿನ ಮೇಲೆ ಮೊದಲು ಮಾಡಿ ನೋಡಿ.

ಲ್ಯಾಟಿನ್1 ಕಾಲಂನಲ್ಲಿ ಯುಟಿಎಫ್-8 ಬೈಟ್‌ಗಳಿದ್ದರೆ: ‘ಕನ್ವರ್ಟ್ ಟು’ ಓಡಿಸಬೇಡಿ. ಅದು ಪ್ರತಿ ಬೈಟನ್ನೂ ಲ್ಯಾಟಿನ್ ಅಕ್ಷರವೆಂದು ತಿಳಿದು ತಿರುಗಿಸಿ, ಎರಡನೆಯ ಸ್ಥಿತಿಯನ್ನು ಮೂರನೆಯದಾಗಿ ಮಾಡುತ್ತದೆ. ಮಾಡಬೇಕಾದದ್ದು ಹಣೆಪಟ್ಟಿ ಬದಲಿಸುವುದು ಮಾತ್ರ. ‘ಆಲ್ಟರ್ ಟೇಬಲ್ … ಮಾಡಿಫೈ’ ಬಳಸಿ ಕಾಲಂ ಅನ್ನು ಮೊದಲು ಬೈನರಿ ಬಗೆಗೆ ತನ್ನಿ: ವಾರ್‌ಚಾರ್ ಇದ್ದರೆ ವಾರ್‌ಬೈನರಿ, ಟೆಕ್ಸ್ಟ್ ಇದ್ದರೆ ಬ್ಲಾಬ್. ಆಗ ಮೈಎಸ್‌ಕ್ಯೂಎಲ್ ಬೈಟ್‌ಗಳನ್ನು ಮುಟ್ಟದೆ ಬಿಡುತ್ತದೆ. ನಂತರ ಇನ್ನೊಂದು ‘ಮಾಡಿಫೈ’ಯಲ್ಲಿ ಅದನ್ನು ಯುಟಿಎಫ್8ಎಂಬಿ4 ವಾರ್‌ಚಾರ್ ಅಥವಾ ಟೆಕ್ಸ್ಟ್ ಎಂದು ಘೋಷಿಸಿ. ‘ನಾಟ್ ನಲ್’, ‘ಡೀಫಾಲ್ಟ್’ ಮುಂತಾದ ಷರತ್ತುಗಳನ್ನು ಎರಡನೆಯ ಬಾರಿ ಮತ್ತೆ ಬರೆಯಬೇಕು, ಇಲ್ಲವಾದರೆ ಬಿದ್ದುಹೋಗುತ್ತವೆ.

ಎರಡು ಬಾರಿ ಎನ್‌ಕೋಡ್ ಆಗಿದ್ದರೆ: ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಪಠ್ಯವನ್ನು ಲ್ಯಾಟಿನ್1ಕ್ಕೆ ತಿರುಗಿಸಿ, ಬಂದದ್ದನ್ನು ಬರೀ ಬೈಟ್‌ಗಳೆಂದು ಹೇಳಿ, ಆ ಬೈಟ್‌ಗಳನ್ನು ಯುಟಿಎಫ್8ಎಂಬಿ4 ಎಂದು ಓದಿಸಿ. ಆಜ್ಞೆಯ ಆಕಾರ ಹೀಗೆ:

ಕನ್ವರ್ಟ್( ಕ್ಯಾಸ್ಟ್( ಕನ್ವರ್ಟ್( ಹೆಸರು ಯೂಸಿಂಗ್ ಲ್ಯಾಟಿನ್1 ) ಆಸ್ ಬೈನರಿ ) ಯೂಸಿಂಗ್ ಯುಟಿಎಫ್8ಎಂಬಿ4 )

ಇದನ್ನು ಮೊದಲು ‘ಸೆಲೆಕ್ಟ್’ನಲ್ಲಿ ಓಡಿಸಿ ಕಣ್ಣಾರೆ ನೋಡಿ, ಆಮೇಲೆ ‘ಅಪ್‌ಡೇಟ್’ಗೆ ಹೋಗಿ. ‘ವೇರ್’ ಷರತ್ತು ಇಲ್ಲದೆ ಎಂದಿಗೂ ಓಡಿಸಬೇಡಿ. ಟೇಬಲ್‌ನಲ್ಲಿ ಸರಿಯಾದ ಕನ್ನಡವೂ ಬೆರೆತಿದ್ದರೆ ಲ್ಯಾಟಿನ್1ಕ್ಕೆ ತಿರುಗಿಸಿದ ಕ್ಷಣವೇ ಅದು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಹೆಕ್ಸ್‌ನಲ್ಲಿ ‘ಸಿ3ಎ0ಸಿ2ಬಿ2’ ಅಥವಾ ‘ಸಿ3ಎ0ಸಿ2ಬಿ3’ ಇರುವ ಸಾಲುಗಳನ್ನಷ್ಟೇ ಆರಿಸಿ. ಅದರ ಜೊತೆಗೆ ‘ಇ0ಬಿ2’ ಅಥವಾ ‘ಇ0ಬಿ3’ ಕೂಡ ಇದ್ದರೆ ಒಂದೇ ಕೋಶದಲ್ಲಿ ಎರಡೂ ಬಗೆ ಕೂಡಿದೆ, ಯಾರೋ ಗೋಜಲಿನ ಮುಂದೆಯೇ ತಿದ್ದಿ ಬರೆದಿದ್ದಾರೆ. ಅಂಥವನ್ನು ಕೈಯಲ್ಲೇ ಸರಿಪಡಿಸಬೇಕು.

ಈ ದುರಸ್ತಿಯನ್ನು ಮೈಎಸ್‌ಕ್ಯೂಎಲ್ ಒಳಗೇ ಮಾಡಲು ಇನ್ನೊಂದು ಬಲವಾದ ಕಾರಣವಿದೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ನಿಜದಲ್ಲಿ ವಿಂಡೋಸ್-1252. ಆ ಪಟ್ಟಿಯಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಸ್ಥಾನಗಳು ಖಾಲಿ. ಕನ್ನಡದ ಕೊಂಬು 81ರಲ್ಲಿ, ಹಲಂತ 8ಡಿಯಲ್ಲಿ, ಏ 8ಎಫ್‌ನಲ್ಲಿ, ಐ 90ರಲ್ಲಿ, ಝ 9ಡಿಯಲ್ಲಿ ಕೊನೆಗೊಳ್ಳುತ್ತವೆ. ಮೈಎಸ್‌ಕ್ಯೂಎಲ್ ಆ ಖಾಲಿ ಸ್ಥಾನಗಳಿಗೂ ತನ್ನದೇ ಲೆಕ್ಕ ಇಟ್ಟುಕೊಂಡಿರುವುದರಿಂದ ಹೋಗಿ ಬರುವಾಗ ಏನೂ ಕಳೆಯುವುದಿಲ್ಲ. ಗೋಜಲನ್ನು ಪಠ್ಯ ಸಂಪಾದಕಕ್ಕೆ ನಕಲಿಸಿ ಅಲ್ಲಿ ತಿರುಗಿಸಲು ಹೋದರೆ ಆ ಬೈಟ್‌ಗಳು ಉದುರಿ, ಕೊಂಬು ಮತ್ತು ಒತ್ತಕ್ಷರಗಳಿದ್ದ ಕಡೆಯಲ್ಲೆಲ್ಲ ತೂತು ಬೀಳುತ್ತದೆ. ‘ಕೊಂಬು ಮಾತ್ರ ಹೋಗಿದೆ’ ಎಂಬ ದೂರು ಕೇಳಿದರೆ ಯಾರೋ ಈ ದಾರಿ ಹಿಡಿದಿದ್ದಾರೆ ಎಂದು ತಿಳಿಯಿರಿ.

ದುರಸ್ತಿ ಮುಗಿದ ಮೇಲೆ ಸಂಪರ್ಕ ಬದಲಿಸಿ, ಪರೀಕ್ಷಾ ಸಾಲನ್ನು ಉಳಿಸಿ, ಹೆಕ್ಸ್ ನೋಡಿ. ಹಳೆಯದೊಂದು, ಹೊಸದೊಂದು ದಾಖಲೆಯನ್ನು ಜಾಲತಾಣದಲ್ಲೂ ಪಿಎಚ್‌ಪಿಮೈಅಡ್ಮಿನ್‌ನಲ್ಲೂ ತೆರೆಯಿರಿ. ನಾಲ್ಕು ಕಡೆಯೂ ಒಂದೇ ಕಂಡ ಮೇಲೆ ಫಾರ್ಮ್ ತೆರೆಯಿರಿ. ನಕಲು ಟೇಬಲ್ ಅನ್ನು ಕೆಲವು ವಾರ ಅಳಿಸಬೇಡಿ.

## ಹಂತ 10: ಹೊರಗೆ ಕಳಿಸುವಾಗ

ಡೇಟಾಬೇಸ್ ಸರಿಯಿದ್ದೂ ಕೆಟ್ಟಿದೆ ಎಂಬ ಆರೋಪ ಹೊರುವುದು ಎರಡು ಕಡೆ.

ಜೇಸನ್‌ನಲ್ಲಿ ಕನ್ನಡ ಹಿಂಗೆರೆ-ಯು ಸಂಕೇತಗಳಾಗಿ ಬರುವುದು ದೋಷವಲ್ಲ. ಬೇಡವೆಂದರೆ ‘ಜೇಸನ್_ಎನ್‌ಕೋಡ್’ಗೆ ‘ಅನ್‌ಎಸ್ಕೇಪ್ಡ್ ಯೂನಿಕೋಡ್’ ಆಯ್ಕೆ ಕೊಡಿ. ಅದು ಫಲಿತಾಂಶದ ಬದಲು ‘ಫಾಲ್ಸ್’ ಕೊಟ್ಟರೆ ಪಠ್ಯದಲ್ಲಿ ಎಲ್ಲೋ ಮುರುಕು ಬೈಟ್ ಇರುವ ಸಂಭವವಿದೆ. ‘ಜೇಸನ್_ಲಾಸ್ಟ್_ಎರರ್_ಎಂಎಸ್‌ಜಿ’ ಓದಿ, ಅದು ಹೌದೆಂದರೆ ಐದನೆಯ ಹಂತದ ಕತ್ತರಿಗೆ ಹಿಂತಿರುಗಿ.

ಸಿಎಸ್‌ವಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಜೋಡಿ-ಕ್ಲಿಕ್ ಮಾಡಿ ತೆರೆದವರು ಗೋಜಲು ಕಂಡು ಫೋನ್ ಮಾಡುತ್ತಾರೆ. ಆ ಕಡತದ ಮೊದಲಲ್ಲಿ ಬಿಒಎಂ ಬರೆದು ಕೊಟ್ಟರೆ ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸುತ್ತದೆ. ಪಿಎಚ್‌ಪಿ ಕಡತದಲ್ಲಿ ಬೇಡವಾಗಿದ್ದ ಅದೇ ಮೂರು ಬೈಟ್ ಇಲ್ಲಿ ಬೇಕು. ಕಡತವನ್ನು ಎಕ್ಸೆಲ್‌ನಲ್ಲೇ ತಿದ್ದಿ ಮತ್ತೆ ಡೇಟಾಬೇಸ್‌ಗೆ ಏರಿಸುವ ಅಭ್ಯಾಸ ಕಚೇರಿಯಲ್ಲಿದ್ದರೆ, ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯನ್ನೇ ಆರಿಸುವಂತೆ ಹೇಳಿ. ಸಾದಾ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ 3ಎಫ್ ಆಗಿ ಮರಳುತ್ತದೆ. ಏರಿಸುವ ಕೋಡ್‌ನಲ್ಲಿ ಮೊದಲ ಮೂರು ಬೈಟ್ ಬಿಒಎಂ ಇದ್ದರೆ ತೆಗೆದುಹಾಕಿ, ಇಲ್ಲವಾದರೆ ಮೊದಲ ಕಾಲಂನ ಹೆಸರು ಹೊಂದಿಕೆಯಾಗದೆ ಆ ಒಂದು ಕಾಲಂ ಮಾತ್ರ ಖಾಲಿ ಬರುತ್ತದೆ.